ಕಲಿತ ವರಸೆಯನ್ನೇ ಮತ್ತೆ ಕಲಿತವರು: ಚೆನ್‌ಜಿಯಾಗೌ ಊರಿನ ಒಂದು ಪ್ರಕರಣ

ತಾಯ್‌ಚಿ ಕಲಿಯಲು ಶುರುಮಾಡಿದವರು ಯಾರೇ ಆಗಲಿ, ಕೆಲವು ತಿಂಗಳು ಕಳೆಯುತ್ತಿದ್ದಂತೆ ಗುರುವನ್ನು ಕೇಳುವ ಪ್ರಶ್ನೆ ಒಂದೇ: "ಮುಂದಿನ ವರಸೆ ಯಾವಾಗ ಹೇಳಿಕೊಡ್ತೀರಿ?" ಪ್ರಶ್ನೆ ಸಹಜವಾದದ್ದೇ. ಕರಾಟೆಯಲ್ಲಿ ಬೆಲ್ಟಿನ ಬಣ್ಣ ಬದಲಾಗುತ್ತದೆ, ಎಲ್ಲಿದ್ದೇವೆ ಎಂಬುದು ಸೊಂಟದಲ್ಲೇ ಕಾಣುತ್ತದೆ. ತಾಯ್‌ಚಿ, ಶಿಂಗ್‌ಯಿ, ಬಾಗುವಾ ಎಂಬ ಚೀನೀ ಒಳಬಲದ ಕಲೆಗಳಲ್ಲಿ ಹಿಂದೆ ಅಂಥ ಗುರುತೇನೂ ಇರಲಿಲ್ಲ. ಹಾಗಾಗಿ ಹೊಸ ವರಸೆ, ಅಂದರೆ ಭಂಗಿಗಳ ಹೊಸದೊಂದು ಸಾಲು, ಸಿಕ್ಕರೆ ಮೇಲೇರಿದೆವು, ಸಿಗದಿದ್ದರೆ ನಿಂತಲ್ಲೇ ಇದ್ದೇವೆ ಎಂದು ಶಿಷ್ಯ ಲೆಕ್ಕ ಹಾಕಿಕೊಳ್ಳುತ್ತಾನೆ.

ಈ ಲೆಕ್ಕ ತಪ್ಪು ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಸಾಕ್ಷಿ ಚೀನಾದ ಹೆನಾನ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿದೆ. 1958ರಿಂದ 1981ರವರೆಗೆ ಅಲ್ಲಿನ ಒಂದು ತಲೆಮಾರಿನ ಹುಡುಗರು ಇಬ್ಬರು ಗುರುಗಳ ಕೈಯಲ್ಲಿ, ಒಬ್ಬರು ಹೋದ ಮೇಲೆ ಇನ್ನೊಬ್ಬರಂತೆ, ಕಲಿತರು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎರಡನೆಯ ಗುರು ಕೊಟ್ಟ ಪಾಠ ಅಲ್ಪ ಕಾಲದಲ್ಲೇ ಮೈಗೆ ಹತ್ತಿದ್ದು, ಮೊದಲ ಗುರು ಒಂದೇ ವರಸೆಯನ್ನು ವರ್ಷಗಟ್ಟಲೆ ಮಾಡಿಸಿದ್ದರಿಂದ.

ಊರು ಬರಿದಾದ ಬಗೆ

ಹಳದಿ ನದಿಯ ಉತ್ತರಕ್ಕೆ, ವೆನ್ ಕೌಂಟಿಯಲ್ಲಿ ಚೆನ್‌ಜಿಯಾಗೌ ಇದೆ. ಚೆನ್ ಮನೆತನದವರ ಊರು. 17ನೇ ಶತಮಾನದಲ್ಲಿ, ಮಿಂಗ್ ಆಳ್ವಿಕೆ ಮುಗಿದು ಚಿಂಗ್ ಆಳ್ವಿಕೆ ಕಾಲೂರುತ್ತಿದ್ದ ದಿನಗಳಲ್ಲಿ, ತಮ್ಮ ಒಂಬತ್ತನೇ ತಲೆಮಾರಿನ ಚೆನ್ ವಾಂಗ್‌ಟಿಂಗ್ ಈ ಕಲೆಗೆ ರೂಪ ಕೊಟ್ಟನೆಂದು ಮನೆತನದವರು ಹೇಳುತ್ತಾರೆ. ಹದಿನಾಲ್ಕನೇ ತಲೆಮಾರಿನ ಚೆನ್ ಚಾಂಗ್‌ಶಿಂಗ್ (1771–1853) ಹೊರಗಿನಿಂದ ಬಂದ ಯಾಂಗ್ ಲುಚಾನ್‌ಗೆ ಕಲಿಸಿದ. ಇಂದು ಊರೂರಿನ ಪಾರ್ಕುಗಳಲ್ಲಿ ಬೆಳಗಿನ ಹೊತ್ತು ನಿಧಾನವಾಗಿ ಮಾಡುವ ಯಾಂಗ್ ಶೈಲಿಯ ತಾಯ್‌ಚಿ ಅಲ್ಲಿಂದಲೇ ಹೊರಟದ್ದು.

20ನೇ ಶತಮಾನಕ್ಕೆ ಬರುವಷ್ಟರಲ್ಲಿ ಊರಿನ ಒಳ್ಳೆಯ ಕೈಗಳು ಊರು ಬಿಡತೊಡಗಿದವು. 1928ರಲ್ಲಿ ಚೆನ್ ಜಾವೊಪಿ (1893–1972) ಬೀಜಿಂಗ್‌ಗೆ ಹೋಗಿ ಕಲಿಸಲು ಶುರುಮಾಡಿದರು. ಬಳಿಕ ನಾನ್‌ಜಿಂಗ್‌ನಿಂದ ಕರೆ ಬಂತು. ಬೀಜಿಂಗ್‌ನ ಶಿಷ್ಯರನ್ನು ನಡುನೀರಿನಲ್ಲಿ ಬಿಡಲಾರದೆ, ಸಂಬಂಧದಲ್ಲಿ ಚಿಕ್ಕಪ್ಪನಾಗಬೇಕಾದ ಚೆನ್ ಫಾಕೆ (1887–1957) ಅವರನ್ನು ಅಲ್ಲಿಗೆ ಕರೆಸಿಕೊಂಡರು. ಫಾಕೆ ಕೊನೆಯವರೆಗೂ ಬೀಜಿಂಗ್‌ನಲ್ಲೇ ಉಳಿದರು. ಇತ್ತ ಹೆನಾನ್‌ಗೆ ಯುದ್ಧ ಬಂತು, ನದಿ ಪ್ರವಾಹ ಬಂತು, 1942–43ರ ಘೋರ ಬರ ಬಂತು. ಅನ್ನಕ್ಕೇ ತತ್ವಾರವಾದಾಗ ವರಸೆ ಮಾಡುವವರು ಯಾರು? ಜಾವೊಪಿ ಹಳದಿ ನದಿಯ ಆಡಳಿತ ಇಲಾಖೆಯಲ್ಲಿ ಕೆಲಸ ಮಾಡಿ 1958ರಲ್ಲಿ ಊರಿಗೆ ಮರಳಿದಾಗ, ಹೆಸರುವಾಸಿಯಾದ ಆ ಊರಿನಲ್ಲಿ ಕಲಿಸುವವರೂ ಕಲಿಯುವವರೂ ವಿರಳವಾಗಿದ್ದರು. ಅವರಿಗಾಗ 65 ವರ್ಷ. ನಿವೃತ್ತರಾಗಿ ಸುಮ್ಮನಿರಬಹುದಿತ್ತು. ಅವರು ಊರಿನ ಹುಡುಗರನ್ನು ಕಲೆಹಾಕಿದರು.

ಆ ಹುಡುಗರಲ್ಲಿ ನಾಲ್ವರ ಹೆಸರು ಮುಂದೆ ಜಗತ್ತಿಗೆಲ್ಲ ಗೊತ್ತಾಯಿತು: ವಾಂಗ್ ಶಿಆನ್, ಚೆನ್ ಶಿಯಾವೊವಾಂಗ್, ಜು ತಿಯೆನ್‌ತ್ಸಾಯ್, ಚೆನ್ ಜೆಂಗ್‌ಲೇ. ಬೌದ್ಧ ಗುಡಿಗಳ ಬಾಗಿಲು ಕಾಯುವ ನಾಲ್ವರು ವಜ್ರಧಾರಿಗಳ ಹೆಸರಿನಿಂದಲೇ ಇವರನ್ನು ಕರೆಯುವುದು ರೂಢಿ. ಜಾವೊಪಿ ಕಲಿಸಲು ನಿಂತಾಗ ಮೊದಲ ಮೂವರಿಗೆ ಹದಿಮೂರೋ ಹದಿನಾಲ್ಕೋ ವಯಸ್ಸು, ಜೆಂಗ್‌ಲೇಗೆ ಒಂಬತ್ತು. ಶಿಯಾವೊವಾಂಗ್ ಚೆನ್ ಫಾಕೆಯವರ ಮೊಮ್ಮಗ, ಜೆಂಗ್‌ಲೇ ಜಾವೊಪಿಯವರ ತಮ್ಮನ ಕಡೆಯ ಹುಡುಗ. ಉಳಿದಿಬ್ಬರ ಮನೆತನದ ಹೆಸರು ಚೆನ್ ಅಲ್ಲ, ತಿಯೆನ್‌ತ್ಸಾಯ್ ಅವರ ತಾಯಿ ಮಾತ್ರ ಚೆನ್ ಮನೆಯವರು. ಮನೆತನದ ಗಂಡುಮಕ್ಕಳಿಗಷ್ಟೇ ಎಂಬ ಹಳೆಯ ಕಟ್ಟುಪಾಡನ್ನು ಆ ಹೊತ್ತಿಗೆ ಹಿಡಿದುಕೊಂಡಿದ್ದರೆ ಕಲೆ ಉಳಿಯುತ್ತಿರಲಿಲ್ಲ.

ಮೊದಲ ಹದಿನಾಲ್ಕು ವರ್ಷ

ಜಾವೊಪಿ ಕಲಿಸಿದ ಮುಖ್ಯ ಪಾಠ ಲಾವೊಜಿಯಾ, ಅಂದರೆ ಹಳೆಯ ಚೌಕಟ್ಟು. ಅದರಲ್ಲಿ ಎರಡು ವರಸೆ. ಮೊದಲನೆಯದಾದ ಯಿಲುವಿನಲ್ಲಿ, ಎಣಿಸುವ ರೀತಿಗೆ ತಕ್ಕಂತೆ, 74 ಅಥವಾ 75 ಭಂಗಿ. ಬಹುಪಾಲು ನಿಧಾನ, ನಡುನಡುವೆ ಒಂದು ಸಿಡಿತ. ಎರಡನೆಯದಾದ ಪಾವೊಚುಯಿ ಚಿಕ್ಕದು, ವೇಗದ್ದು, ನೆಗೆತ ಮತ್ತು ಹೊಡೆತ ತುಂಬಿದ್ದು. ಎರಡನೆಯದು ಮೊದಲನೆಯದು ಪಳಗಿದ ಮೇಲೆ. ಇವುಗಳ ಜೊತೆಗೆ ಕತ್ತಿ, ಈಟಿ ಮುಂತಾದ ಆಯುಧಗಳೂ ಇದ್ದವು, ಆದರೆ ಬೆನ್ನೆಲುಬು ಯಿಲುವೇ.

ಯಿಲುವಿನ ಮೊದಲ ಭಂಗಿಗಳಲ್ಲೊಂದು ಲಾನ್‌ಜಾಯಿ. ಬಲಗಾಲಿನ ಹಿಮ್ಮಡಿ ನೆಲ ಸವರುತ್ತ ಬಲಕ್ಕೆ ಹೋಗುತ್ತದೆ, ಮೈಭಾರ ಎಡದಿಂದ ಬಲಕ್ಕೆ ಇಳಿಯುತ್ತದೆ, ಬಲಗೈ ದೊಡ್ಡ ಕಮಾನು ಬರೆದು ಹೆಗಲಿನ ಮಟ್ಟದಲ್ಲಿ ನಿಲ್ಲುತ್ತದೆ, ಎಡಗೈ ಸೊಂಟಕ್ಕೆ ಬರುತ್ತದೆ. ನೋಡಿಕೊಂಡು ಮಾಡುವುದಾದರೆ ಒಂದು ಗಂಟೆಯ ಕೆಲಸ. ಆದರೆ ಹೊಸಬ ಮಾಡುವಾಗ ಕೈಯಷ್ಟೇ ಚಲಿಸುತ್ತದೆ, ಸೊಂಟ ಬಿಗಿದುಕೊಂಡಿರುತ್ತದೆ. ಹೆಗಲು ಮೇಲೇಳುತ್ತದೆ. ಮಂಡಿ ಒಳಕ್ಕೆ ಕುಸಿಯುತ್ತದೆ. ತೊಡೆಸಂದು ಸಡಿಲವಾಗದೆ ಪೃಷ್ಠ ಹಿಂದಕ್ಕೆ ಚಾಚುತ್ತದೆ. ಇವುಗಳಲ್ಲಿ ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ಎಲ್ಲವೂ ಒಟ್ಟಿಗೆ ಸರಿಯಾದಾಗ ಮಾತ್ರ ಪಾದ ನೆಲವನ್ನು ಒತ್ತಿದ ಬಲ ಕಾಲಿನಲ್ಲಿ ಹತ್ತಿ, ಸೊಂಟದಲ್ಲಿ ತಿರುಗಿ, ಬೆನ್ನು ಹೆಗಲು ಮೊಣಕೈ ದಾಟಿ ಬೆರಳತುದಿಗೆ ತಲುಪುತ್ತದೆ. ದಾರಿಯಲ್ಲಿ ಎಲ್ಲೇ ಬಿಗಿತವಿದ್ದರೂ ಬಲ ಅಲ್ಲೇ ನಿಂತುಬಿಡುತ್ತದೆ. ಒಳಬಲದ ಕಲೆ ಎನ್ನುವುದರ ಹೂರಣವೇ ಈ ದಾರಿಯನ್ನು ತೆರವು ಮಾಡುವುದು. ಅದರಲ್ಲಿ ಗುಟ್ಟೇನೂ ಇಲ್ಲ, ಹಾಗೆಂದು ಹೇಳಿದಾಕ್ಷಣ ಬರುವುದೂ ಇಲ್ಲ.

ಚೆನ್ ಶೈಲಿಯಲ್ಲಿ ಈ ಬಲಕ್ಕೆ ಚಾನ್‌ಸಿಜಿನ್ ಎನ್ನುತ್ತಾರೆ, ರೇಷ್ಮೆ ನೂಲು ಬಿಚ್ಚುವ ಬಲ. ನಮ್ಮ ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ಬಿಸಿನೀರಿನ ಗೂಡಿನಿಂದ ನೂಲು ಎಳೆಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಎಳೆತ ಜೋರಾದರೆ ನೂಲು ಹರಿಯುತ್ತದೆ, ಸಡಿಲವಾದರೆ ಸಿಕ್ಕಾಗುತ್ತದೆ, ಒಂದೇ ಹದದಲ್ಲಿ ಸುತ್ತುತ್ತ ಎಳೆದರೆ ಮಾತ್ರ ಬರುತ್ತದೆ. ಕೈಕಾಲು ಮುಂಡ ಎಲ್ಲವೂ ಹೀಗೆ ಸುರುಳಿಯಾಗಿ, ಕಡಿಯದೆ, ಜೊತೆಜೊತೆಗೆ ತಿರುಗಬೇಕು.

ಇದಕ್ಕೆ ಬೇಕಾದದ್ದು ಆವೃತ್ತಿ. ಫಾಕೆ ಹುಡುಗನಾಗಿದ್ದಾಗ ಕಾಯಿಲೆಯವನಾಗಿದ್ದು, ಹಿರಿಯರ ಮಾತು ನಾಟಿ, ಆಮೇಲೆ ದಿನಕ್ಕೆ ಮೂವತ್ತು ಸಲ ವರಸೆ ಮಾಡುತ್ತಿದ್ದರೆಂದು ಮನೆತನದವರು ಹೇಳುತ್ತ ಬಂದಿದ್ದಾರೆ. ಹತ್ತು ಸಾವಿರ ಸಲ ಮಾಡಿದರೆ ಅರ್ಥ ತಾನಾಗಿ ಹೊಳೆಯುತ್ತದೆ ಎಂಬ ಮಾತೂ ಅವರಲ್ಲಿದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಹತ್ತಾದರೆ ಮೂರು ವರ್ಷದೊಳಗೆ ಆ ಸಂಖ್ಯೆ ಮುಟ್ಟಬಹುದು, ದಿನಕ್ಕೆ ಎರಡಾದರೆ ಹದಿನಾಲ್ಕು ವರ್ಷದ ಹತ್ತಿರ ಬೇಕು. ಯಿಲು ಒಂದು ಸಲ ಮುಗಿಸಲು ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ, ಹತ್ತು ಸಲಕ್ಕೆ ಎರಡು ತಾಸಿನ ಆಚೀಚೆ. ಹಗಲಿಡೀ ಸಾಮೂಹಿಕ ಬೇಸಾಯದಲ್ಲಿ ಮೈಮುರಿದು ದುಡಿದು ಬಂದ ಹುಡುಗರಿಗೆ ಆ ಎರಡು ತಾಸು ಎಷ್ಟು ಭಾರವೆಂದು ಯೋಚಿಸಬೇಕು. ಅದೂ 1959ರಿಂದ 1961ರವರೆಗಿನ ಕ್ಷಾಮದಲ್ಲಿ. ಹೆನಾನ್ ಆಗ ಅತ್ಯಂತ ಹೆಚ್ಚು ನೊಂದ ಪ್ರಾಂತ್ಯಗಳಲ್ಲಿ ಒಂದು. ಇವರ ಸಾಧನೆಯ ಬಗ್ಗೆ ಬರೆಯುವವರು ಹೊಟ್ಟೆಯ ಈ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು ಎಂದು ನನಗೆ ಅನ್ನಿಸುತ್ತದೆ.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಹಳೆಯದೆಲ್ಲವೂ ಅಪರಾಧವಾಯಿತು. ಎಪ್ಪತ್ತು ದಾಟಿದ ಜಾವೊಪಿಯವರನ್ನು ಸಾರ್ವಜನಿಕವಾಗಿ ಹೀಯಾಳಿಸಿದರು. ಅವಮಾನ ತಾಳಲಾರದೆ ಅವರು ಬಾವಿಗೆ ಹಾರಿದರು. ಪ್ರಾಣ ಉಳಿಯಿತು, ಕಾಲಿಗೆ ಪೆಟ್ಟಾಯಿತು. ಆ ಮೇಲೂ ಕಲಿಕೆ ಪೂರ್ತಿ ನಿಲ್ಲಲಿಲ್ಲ. ರಾತ್ರಿ ಹೊತ್ತು, ಮುಚ್ಚಿದ ಬಾಗಿಲ ಹಿಂದೆ, ಸದ್ದಿಲ್ಲದೆ ನಡೆಯಿತು. ಇಕ್ಕಟ್ಟಾದ ಕೋಣೆಯಲ್ಲಿ, ಯಾರಿಗೂ ಕೇಳದಂತೆ ಮಾಡುವವನಿಗೆ ಹೊಸ ಹೊಸ ವರಸೆಗಳ ಆಸೆ ಇರುವುದಿಲ್ಲ. ಇರುವುದನ್ನೇ ಕಳೆದುಕೊಳ್ಳದಂತೆ ನೋಡಿಕೊಳ್ಳುವುದೇ ಅವನ ಗುರಿ. ಕಾಲ ಹೇರಿದ ಈ ಕಟ್ಟು ಅವರನ್ನು ಒಂದೇ ವರಸೆಗೆ ಕಟ್ಟಿಹಾಕಿತು. ನಾಲ್ಕು ಜನ ಇಷ್ಟು ಆಳಕ್ಕೆ ಇಳಿದದ್ದಕ್ಕೆ ಅದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ. ಹಾಗೆಂದು ಆ ಕ್ರೌರ್ಯವನ್ನು ಯಾರೂ ಒಳ್ಳೆಯದೆನ್ನಲಾರರು.

1972ರ ಡಿಸೆಂಬರ್ ಕೊನೆಯಲ್ಲಿ ಜಾವೊಪಿ ತೀರಿಕೊಂಡರು.

ಎದುರಾಳಿಯ ಕೈ ಹೇಳುವ ಮಾತು

ಇಲ್ಲಿ ಸ್ವಲ್ಪ ನಿಂತು, ಪ್ರಗತಿಯನ್ನು ಅಳೆಯುತ್ತಿದ್ದುದು ಹೇಗೆ ಎಂಬುದನ್ನು ನೋಡಬೇಕು. ವರಸೆ ಒಬ್ಬನೇ ಮಾಡುವಂಥದ್ದು, ಅದರಲ್ಲಿ ತನಗೆ ತಾನೇ ಮೋಸಮಾಡಿಕೊಳ್ಳಬಹುದು. ತುಯ್‌ಶೌ, ಅಂದರೆ ಇಬ್ಬರು ಎದುರುಬದುರು ನಿಂತು ಕೈಗೆ ಕೈ ತಾಗಿಸಿ ಆಡುವ ತಳ್ಳಾಟ, ಆ ಮೋಸವನ್ನು ಬಯಲು ಮಾಡುತ್ತದೆ.

ಚೆನ್ ಮನೆತನದಲ್ಲಿ ಇದಕ್ಕೆ ಐದು ಬಗೆ. ನಿಂತಲ್ಲೇ ಕೈಗಳಿಂದ ಸುತ್ತು ಬರೆಯುವ ವಾನ್‌ಹುವಾ ಮೊದಲನೆಯದು. ಕಾಲು ಕದಲಿಸದೆ ತಡೆ, ಸೆಳೆತ, ಒತ್ತು, ಅದುಮು ಎಂಬ ನಾಲ್ಕನ್ನೂ ಸರತಿಯಲ್ಲಿ ಆಡುವ ದಿಂಗ್‌ಬು ಎರಡನೆಯದು. ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಡುವ ಹುವಾನ್‌ಬು, ಮೈಯನ್ನು ತೀರ ಕೆಳಗಿಳಿಸಿ ಉದ್ದ ಹೆಜ್ಜೆ ಹಾಕುವ ದಾಲ್ಯು, ಕೊನೆಗೆ ಹೆಜ್ಜೆಗೆ ಕಟ್ಟಳೆಯೇ ಇಲ್ಲದ ಲುವಾನ್‌ಸಾಯ್‌ಹುವಾ. ಮೊದಲೆರಡರಲ್ಲಿ ಹದ ಸಿಗದವನು ಐದನೆಯದಕ್ಕೆ ಹೋದರೆ ಅದು ಬರೀ ನೂಕಾಟ.

ಗುರುಗಳು ಇಲ್ಲಿ ಹುಡುಕುವ ದೋಷ ನಾಲ್ಕು. ಎದುರಾಳಿಯ ಬಲಕ್ಕೆ ತಲೆಯೊಡ್ಡಿ ತಿವಿಯುವುದು, ಅವನ ಒತ್ತಡಕ್ಕೆ ಚಪ್ಪಟೆಯಾಗಿ ಕುಸಿಯುವುದು, ಕೈಯ ಸಂಪರ್ಕ ತಪ್ಪಿಸಿಕೊಳ್ಳುವುದು, ಮೊಂಡುತನದಿಂದ ಎದುರು ನಿಲ್ಲುವುದು. ಸಡಿಲವಾಗು ಎಂದರೆ ಶಿಷ್ಯ ಕುಸಿಯುತ್ತಾನೆ, ಕುಸಿಯಬೇಡ ಎಂದರೆ ಸೆಟೆದುಕೊಳ್ಳುತ್ತಾನೆ. ಇವೆರಡರ ನಡುವೆ ವರ್ಷಗಳು ಕಳೆಯುತ್ತವೆ. ಗೆದ್ದೆನೋ ಸೋತೆನೋ ಎನ್ನುವುದು ಇಲ್ಲಿ ಮುಖ್ಯವಲ್ಲ. ತೋಳ್ಬಲದಿಂದ ಗೆದ್ದವನು ಆ ದಿನ ಏನನ್ನೂ ಕಲಿತಿರುವುದಿಲ್ಲ.

ಎರಡನೆಯ ಗುರು

ಗುರುವನ್ನು ಕಳೆದುಕೊಂಡ ಊರು ಬೀಜಿಂಗ್ ಕಡೆ ನೋಡಿತು. ಅಲ್ಲಿ ಫಾಕೆಯವರ ಮಗ ಚೆನ್ ಜಾವೊಕುಯಿ (1928–1981) ಇದ್ದರು, ಶಿಯಾವೊವಾಂಗ್‌ಗೆ ಸ್ವಂತ ಚಿಕ್ಕಪ್ಪ. 1973ರಿಂದ ಮುಂದೆ ಅವರು ಹಲವು ಸಲ ಊರಿಗೆ ಬಂದು, ಪ್ರತಿ ಸಲವೂ ಕೆಲಕಾಲ ನಿಂತು ಕಲಿಸಿದರು. ನಾಲ್ವರಿಗೂ ಆಗ 24ರಿಂದ 29ರೊಳಗಿನ ಪ್ರಾಯ. ಹದಿನಾಲ್ಕು ವರ್ಷ ತಿದ್ದಿಸಿಕೊಂಡವರು, ಊರಿಗೆ ಹೇಳಿಕೊಡಬಲ್ಲವರು.

ಜಾವೊಕುಯಿ ಮಾಡಿ ತೋರಿಸಿದ ಯಿಲು ಅವರಿಗೆ ಗೊತ್ತಿದ್ದದ್ದೇ, ಆದರೆ ಗೊತ್ತಿಲ್ಲದ್ದೂ ಹೌದು. ಭಂಗಿಗಳ ಹೆಸರು ಬಹುತೇಕ ಅವೇ, ಸಾಲು ಬಹುತೇಕ ಅದೇ. ಆದರೆ ಎಣಿಕೆ 83ಕ್ಕೆ ಏರಿತ್ತು, ಎರಡನೆಯ ವರಸೆಯಲ್ಲಿ 71 ಇದ್ದವು. ನಿಲುವು ಇನ್ನೂ ತಗ್ಗಿನದು. ಲಾನ್‌ಜಾಯಿಯಲ್ಲಿ ಕೈ ದೊಡ್ಡ ಕಮಾನು ಬರೆಯುವ ಮೊದಲೇ ಮಣಿಕಟ್ಟು ಒಂದು ಚಿಕ್ಕ ಸುರುಳಿ ತಿರುಗುತ್ತಿತ್ತು, ಎದೆ ಸೊಂಟ ಮಡಿಚಿ ಬಿಚ್ಚುತ್ತಿದ್ದವು, ಕೊನೆಗೆ ಹಠಾತ್ತನೆ ಬಲ ಸಿಡಿಯುತ್ತಿತ್ತು. ಊರವರಿಗೆ ಇದು ಹೊಸತಾಗಿ ಕಂಡು, ಶಿನ್‌ಜಿಯಾ, ಹೊಸ ಚೌಕಟ್ಟು, ಎಂಬ ಹೆಸರು ಬಿತ್ತು. ಊರವರ ಕೈಯಲ್ಲಿ ಅದುವರೆಗೆ ಇದ್ದದ್ದು ಆಮೇಲೆ ಹಳೆಯ ಚೌಕಟ್ಟಾಯಿತು. ಜಾವೊಕುಯಿ ಕಲಿಸುತ್ತಿದ್ದದ್ದಾದರೂ ತಂದೆಯಿಂದ ಬಂದದ್ದನ್ನೇ.

ಇದರ ಜೊತೆಗೆ ಪ್ರತಿ ಚಲನೆಯ ಬಳಕೆ, ಕೀಲು ಹಿಡಿಯುವ ಪಟ್ಟುಗಳು, ತಳ್ಳಾಟದಲ್ಲಿ ಅವುಗಳನ್ನು ತರುವ ಬಗೆ, ಇವನ್ನೂ ಅವರು ಬಿಡಿಸಿ ಹೇಳಿದರು. ಹದಿನಾಲ್ಕು ವರ್ಷ ಮಾಡಿದ ಚಲನೆ ಏಕೆ ಹಾಗಿದೆ ಎಂಬುದು ಶಿಷ್ಯನಿಗೆ ಆಗ ಕೈಯಿಂದಲೇ ತಿಳಿಯುತ್ತದೆ.

ಪ್ರಕರಣದ ಕೇಂದ್ರ ಇದೇ. ಊರಿನಲ್ಲಿ ಗುರುವೆನಿಸಿಕೊಳ್ಳಬಹುದಾದ ಪ್ರಾಯದ ಗಂಡಸರು ಮತ್ತೆ ಮೊದಲ ಭಂಗಿಯಿಂದ ಶುರುಮಾಡಿ ಕಲಿತರು. ಕಲಿತದ್ದನ್ನು ಎಸೆಯಲಿಲ್ಲ. ಹೊಸ ಚೌಕಟ್ಟಿನ ಸಣ್ಣ ಸುರುಳಿಗಳು ಹೊರಗಿನಿಂದ ನೋಡಿದರೆ ಮಣಿಕಟ್ಟಿನಲ್ಲಿ ಕಾಣುತ್ತವೆ, ಹುಟ್ಟುವುದು ಮಾತ್ರ ಸೊಂಟದಲ್ಲಿ. ಸೊಂಟವನ್ನು ದೊಡ್ಡ ಸುತ್ತುಗಳಲ್ಲಿ ತಿರುಗಿಸಿ ಪಳಗಿದವನಿಗೆ ಸಣ್ಣ ಸುತ್ತು ಎಲ್ಲಿಂದ ಬರಬೇಕೆಂದು ಗೊತ್ತಿರುತ್ತದೆ. ಹಾಗೆ ಪಳಗದವನು ಮಣಿಕಟ್ಟನ್ನಷ್ಟೇ ತಿರುಗಿಸುತ್ತಾನೆ, ನೋಡಲು ಚೆಂದ, ಒಳಗೆ ಟೊಳ್ಳು. ಕೆಲವೇ ವರ್ಷಗಳ, ನಡುನಡುವೆ ಕಡಿದುಹೋಗುವ ಭೇಟಿಗಳಿಂದ ಜಾವೊಕುಯಿ ಇಷ್ಟೊಂದನ್ನು ದಾಟಿಸಲು ಸಾಧ್ಯವಾದದ್ದು ದಾಯಾದಿ ಅಣ್ಣ ಜಾವೊಪಿ ಹಾಕಿದ ತಳಪಾಯದ ಮೇಲೆ.

ಇದಕ್ಕೆ ಒಂದು ಎದುರುವಾದವಿದೆ, ಅದನ್ನು ಬದಿಗಿಡುವುದು ಸರಿಯಲ್ಲ. ಬೀಜಿಂಗ್‌ನಲ್ಲಿ ಫಾಕೆಯವರ ಕೈಯಲ್ಲಿ ಕಲಿತವರು ಊರಿನ ಹಳೆಯ ಚೌಕಟ್ಟಿನಲ್ಲಿ ಹದಿನಾಲ್ಕು ವರ್ಷ ಕಳೆದವರಲ್ಲ, ಆದರೂ ಒಳ್ಳೆಯ ಕೈಗಳಾದರು. ನಿಜ. ಆದರೆ ಅವರಲ್ಲಿ ಹಾಂಗ್ ಜುನ್‌ಶೆಂಗ್ (1907–1996) ಅವರ ದಾರಿಯನ್ನು ನೋಡಿ. ಆರೋಗ್ಯ ಕೆಟ್ಟು 1930ರಲ್ಲಿ ಫಾಕೆಯವರ ಬಳಿ ಸೇರಿದರು. 1944ರಲ್ಲಿ ಜಿನಾನ್ ನಗರಕ್ಕೆ ಹೋಗುವವರೆಗೂ ಗುರುವಿನ ಹತ್ತಿರವೇ ಇದ್ದರು. ಅಷ್ಟಾದರೂ 1956ರಲ್ಲಿ ಬೀಜಿಂಗ್‌ಗೆ ಮರಳಿ ಬಂದು ಇಡೀ ವರಸೆಯನ್ನು ಗುರುವಿನ ಮುಂದೆ ಹೊಸದಾಗಿ ತಿದ್ದಿಸಿಕೊಂಡರು. ಗುರು ಒಬ್ಬರೇ, ವರಸೆ ಒಂದೇ, ಕಲಿಕೆ ಎರಡು ಸಲ. ಹಾಗಾಗಿ ಹಳೆಯ ಚೌಕಟ್ಟು ಮೇಲೋ ಹೊಸದು ಮೇಲೋ ಎಂಬ ಜಗಳ ನನಗೆ ಬೇಕಿಲ್ಲ. ಪಳಗಿದ ಮೈಯಿಂದ ಮೊದಲ ಭಂಗಿಗೆ ಹಿಂದಿರುಗುವ ಅವಕಾಶ ಶಿಷ್ಯನಿಗೆ ಸಿಕ್ಕಿತೇ ಎನ್ನುವುದನ್ನು ನಾನು ಕೇಳುತ್ತೇನೆ.

ಐದು ಹಂತ

ಶಿಯಾವೊವಾಂಗ್ ಮುಂದೆ ತಾಯ್‌ಚಿಯ ಕೌಶಲವನ್ನು ಐದು ಹಂತಗಳಾಗಿ ವಿವರಿಸಿದರು. ಮನೆತನದಲ್ಲಿ ಮೊದಲೇ ಇದ್ದ ಪದ್ಯರೂಪದ ಮಾತೊಂದು ಅದಕ್ಕೆ ಆಧಾರ. ಹತ್ತರಲ್ಲಿ ಯಿನ್, ಅಂದರೆ ಮೆದು, ಎಷ್ಟು, ಯಾಂಗ್, ಅಂದರೆ ಗಡಸು, ಎಷ್ಟು ಎಂಬ ಲೆಕ್ಕ. ಮೊದಲ ಹಂತದಲ್ಲಿ ಒಂದು ಪಾಲು ಮೆದು, ಒಂಬತ್ತು ಪಾಲು ಗಡಸು. ಹಂತ ಏರಿದಂತೆ ಒಂದೊಂದು ಪಾಲು ಗಡಸು ಇಳಿದು ಮೆದು ಹೆಚ್ಚುತ್ತದೆ. ಮೂರಕ್ಕೆ ಏಳು ಇರುವವನಲ್ಲೂ ಗಡಸು ಉಳಿದಿದೆ, ನಾಲ್ಕಕ್ಕೆ ಆರಾದರೆ ಒಳ್ಳೆಯ ಕೈ, ಐದಕ್ಕೆ ಐದಾದಾಗ ಮಾತ್ರ ಪೂರ್ಣ. ಇದರೊಂದಿಗೇ ಸುತ್ತಿನ ಲೆಕ್ಕವೂ ಸಾಗುತ್ತದೆ: ದೊಡ್ಡ ಸುತ್ತಿನಿಂದ ನಡುಗಾತ್ರಕ್ಕೆ, ಅಲ್ಲಿಂದ ಚಿಕ್ಕದಕ್ಕೆ, ಕೊನೆಗೆ ಹೊರಗೆ ಸುತ್ತೇ ಕಾಣದ ಸ್ಥಿತಿಗೆ.

ಕಾಲದ ಅಂದಾಜನ್ನೂ ಅವರು ಕೊಟ್ಟಿದ್ದಾರೆ. ಕಷ್ಟಪಡುವವನಿಗೆ ಮೊದಲ ಹಂತ ಸುಮಾರು ಆರು ತಿಂಗಳು, ಎರಡನೆಯದು ನಾಲ್ಕು ವರ್ಷದ ಆಸುಪಾಸು. ಎರಡನೆಯದಕ್ಕೆ ಇಷ್ಟು ಹೆಚ್ಚು ಸಮಯ ಬೇಕಿರುವುದನ್ನು ಗಮನಿಸಬೇಕು. ಭಂಗಿ ಬಾಯಿಪಾಠವಾಗಿದೆ, ನೋಡುವವರು ಮೆಚ್ಚುತ್ತಾರೆ, ಆದರೆ ಒಳಗಿನ ಬಲ ಅಲ್ಲಲ್ಲಿ ಕಡಿಯುತ್ತದೆ. ಬೇಸರ ಬರುವುದು, ಬಿಟ್ಟುಹೋಗುವುದು, ಹೊಸ ವರಸೆ ಕೇಳುವುದು ಎಲ್ಲವೂ ಈ ಹಂತದಲ್ಲೇ. ಗುರುವಿನ ಕೈ ಮೈಮೇಲೆ ಬಿದ್ದು, ಹೆಗಲು ಒತ್ತಿ, ತೊಡೆಸಂದು ಸರಿಪಡಿಸಬೇಕಾದ ಹೊತ್ತೂ ಇದೇ, ಯಾಕೆಂದರೆ ಈ ತಪ್ಪುಗಳು ಕಣ್ಣಿಗೆ ಕಾಣುವಂಥವಲ್ಲ. ಚೆನ್‌ಜಿಯಾಗೌ ಹುಡುಗರು ಎರಡನೇ ಹಂತವನ್ನು ಜಾವೊಪಿಯವರ ಕೈಯಲ್ಲೇ ದಾಟಿ, ಮೂರನೆಯದರಲ್ಲಿದ್ದಾಗ ಜಾವೊಕುಯಿ ಬಂದರು ಎಂದು ನನ್ನ ತೀರ್ಮಾನ. ನಡುಗಾತ್ರದ ಸುತ್ತನ್ನು ಚಿಕ್ಕದು ಮಾಡಿಸುವ ಗುರು ಬೇಕಾಗಿದ್ದದ್ದು ಸರಿಯಾಗಿ ಆಗಲೇ.

ಪಾಠದ ಕ್ರಮವಾಗಿ ಉಳಿದದ್ದು

1981ರಲ್ಲಿ ಜಾವೊಕುಯಿ ತೀರಿಕೊಂಡರು. ಅದೇ ವರ್ಷ ಜಪಾನಿನ ತಾಯ್‌ಚಿ ಅಭ್ಯಾಸಿಗಳ ತಂಡ ಊರಿಗೆ ಬಂತು, ಹೊರಜಗತ್ತಿಗೆ ಬಾಗಿಲು ತೆರೆಯಿತು. ಶಿಯಾವೊವಾಂಗ್ 1990ರಲ್ಲಿ ಆಸ್ಟ್ರೇಲಿಯಕ್ಕೆ ಹೋದರು, ತಿಯೆನ್‌ತ್ಸಾಯ್ ಸಿಂಗಪುರದಲ್ಲಿ ಕಲಿಸಿದರು, ಉಳಿದಿಬ್ಬರೂ ದೇಶದೇಶ ಸುತ್ತಿ ಶಿಷ್ಯರನ್ನು ಕಟ್ಟಿದರು. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತಾಯ್‌ಚಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವರ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲು ಹಳೆಯ ಚೌಕಟ್ಟಿನ ಯಿಲು, ಆಮೇಲೆ ಪಾವೊಚುಯಿ, ಅದಾದ ಮೇಲೆ ಹೊಸ ಚೌಕಟ್ಟು. ಯಾರೋ ಕುಳಿತು ಯೋಚಿಸಿ ಬರೆದ ಪಠ್ಯಕ್ರಮ ಇದಲ್ಲ. ಇಬ್ಬರು ಗುರುಗಳು ಊರಿಗೆ ಬಂದ ಕ್ರಮವೇ ಪಾಠದ ಕ್ರಮವಾಗಿ ನಿಂತಿದೆ. ನಾಲ್ವರೂ ತಮಗೆ ಫಲಿಸಿದ ದಾರಿಯಲ್ಲೇ ಇತರರನ್ನು ನಡೆಸಿದರು.

ಬಿಡುವಿಲ್ಲದ ನಗರದವರಿಗಾಗಿ ಶಿಯಾವೊವಾಂಗ್ 19 ಭಂಗಿಗಳ, ಜೆಂಗ್‌ಲೇ 18 ಭಂಗಿಗಳ ಚಿಕ್ಕ ವರಸೆಗಳನ್ನೂ ಹೆಣೆದರು. ಇವನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾನು ಮುರಿಯುವುದಿಲ್ಲ. ಹತ್ತೊಂಬತ್ತೇ ಭಂಗಿಯಿದ್ದರೆ ಸಂಜೆಯ ಒಂದು ತಾಸಿನಲ್ಲಿ ಹಲವು ಸಲ ಮಾಡಬಹುದು, ಪ್ರತಿ ಭಂಗಿಯನ್ನೂ ಗುರು ಕೈಯಿಟ್ಟು ತಿದ್ದಬಹುದು. ಒಂದು ವರ್ಷದಲ್ಲಿ ಐದು ವರಸೆ, ಎರಡು ಆಯುಧ ಕಲಿಸಿಬಿಡುವ ತರಗತಿಗಳ ಬಗ್ಗೆ ನನಗೆ ಆತಂಕವಿದೆ. ಅಲ್ಲಿ ಶಿಷ್ಯ ಮೊದಲ ಹಂತವನ್ನೇ ಐದು ಸಲ ಹತ್ತಿರುತ್ತಾನೆ, ಎರಡನೆಯದಕ್ಕೆ ಕಾಲಿಟ್ಟಿರುವುದೇ ಇಲ್ಲ. ಅಂಥ ಕಡೆ ಕಲಿಯುತ್ತಿರುವವರು ಗುರುವಿನ ಬಳಿ ಹೋಗಿ, ಲಾನ್‌ಜಾಯಿಯನ್ನು ಇನ್ನೊಮ್ಮೆ ನೋಡಿ ತಿದ್ದಿ ಎಂದು ಕೇಳಲಿ. ತಿದ್ದಲು ಸಮಯ ಕೊಡುವ ಗುರುವಾದರೆ ಅಲ್ಲೇ ಉಳಿಯಲಿ.